ದೊಡ್ಡಪ್ಪನ ಫೋಟೋ

ವೈಕುಂಠ ಸಮಾರಾಧನೆಯ ಕಾರ್ಡಿಗೆ ದೊಡ್ಡಪ್ಪನ ಫೋಟೋ ಬೇಕಿತ್ತು. ಫ್ಯಾಮಿಲಿ ಗ್ರೂಪಿನಲ್ಲಿದ್ದ ಒಂದನ್ನು ಕಳಿಸಿಕೊಟ್ಟೆ. ಐದೇ ನಿಮಿಷಕ್ಕೆ ಪ್ರೆಸ್ಸಿನ ಹುಡುಗನ ಫೋನು: "ಸಾರ್, ಇದು ಅರವತ್ತು ಕೆಬಿ ಇದೆ, ಪ್ರಿಂಟಲ್ಲಿ ಒಡೆದುಹೋಗುತ್ತೆ. ಒರಿಜಿನಲ್ ಇದ್ರೆ ಸಂಜೆಯೊಳಗೆ ಕೊಡಿ."

ಒರಿಜಿನಲ್ ಇತ್ತು. 2019ರ ಮೇ ತಿಂಗಳಲ್ಲಿ ತೀರ್ಥಹಳ್ಳಿಯ ಮದುವೆಮನೆಯಲ್ಲಿ ನಾನೇ ತೆಗೆದದ್ದು. ಆದರೆ ನನ್ನ ಹಾರ್ಡ್‌ಡಿಸ್ಕಿನಲ್ಲಿ ಹದಿನೆಂಟು ಸಾವಿರ ಫೋಟೋಗಳಿವೆ. ಫೋಲ್ಡರುಗಳ ಹೆಸರೋ, 'ನ್ಯೂ ಫೋಲ್ಡರ್', 'ನ್ಯೂ ಫೋಲ್ಡರ್ 2', 'ಫೈನಲ್', 'ಫೈನಲ್ ಹೊಸದು'. 'ದೊಡ್ಡಪ್ಪ' ಎಂದು ಟೈಪಿಸಿ ಹುಡುಕಿದರೆ ಒಂದೂ ಸಿಗಲಿಲ್ಲ. ಮುಖ ನೋಡಿ ಗುರುತಿಸುವ ಫೋನು ಅಪ್ಪನನ್ನೂ ದೊಡ್ಡಪ್ಪನನ್ನೂ ಒಬ್ಬರೇ ಎಂದುಕೊಂಡಿತ್ತು. ಊರಿನವರೂ ಜೀವಮಾನವಿಡೀ ಅದೇ ತಪ್ಪು ಮಾಡಿದ್ದರಿಂದ ಅದನ್ನು ಬೈಯಲು ಮನಸ್ಸಾಗಲಿಲ್ಲ.

ಕೊನೆಗೆ ಫಿಲ್ಟರಿನ ಮೊರೆ ಹೋದೆ. ವಿಡಿಯೋ ಬೇಡ, ಫೋಟೋ ಮಾತ್ರ ಸಾಕು ಎಂದೆ. ಗಾತ್ರ ಎರಡು ಎಂಬಿಗಿಂತ ಹೆಚ್ಚಿರಲಿ ಎಂದೆ. ಗುಡ್ ಮಾರ್ನಿಂಗ್ ಹೂಗಳು, ದೇವರ ಪಟಗಳು, ಸ್ಕ್ರೀನ್‌ಶಾಟುಗಳು ಜರಡಿ ಹಿಡಿದಂತೆ ಉದುರಿಹೋದವು. ಎಡವಿದ್ದು ತಾರೀಕಿನಲ್ಲಿ. ಫೈಲು ಸೃಷ್ಟಿಯಾದ ದಿನವನ್ನು ಹಿಡಿದು ಹುಡುಕಿದ್ದೆ. ಹೊಸ ಡಿಸ್ಕಿಗೆ ಕಾಪಿ ಮಾಡಿದರೆ ಆ ದಿನವೇ ಫೈಲಿನ ಹುಟ್ಟಿದ ದಿನವಾಗಿಬಿಡುತ್ತದೆ. ಕ್ಯಾಮೆರಾ ಕ್ಲಿಕ್ಕಿಸಿದ ದಿನ, ಗಂಟೆ, ನಿಮಿಷ ಫೋಟೋದ ಒಳಗೆ ಬೇರೆಯಾಗಿ ದಾಖಲಾಗಿರುತ್ತದೆ. 'ತೆಗೆದ ದಿನ' ಎಂಬುದನ್ನು ಆರಿಸಿ ಮೇ 2019 ಎಂದು ಕೊಟ್ಟ ಮೇಲೆ ಉಳಿದದ್ದು ಇನ್ನೂರು ಚಿಲ್ಲರೆ. ಕಾಫಿ ಆರುವುದರೊಳಗೆ ದೊಡ್ಡಪ್ಪ ಸಿಕ್ಕರು, ಎಲೆಯ ಮುಂದೆ ಕೂತು ನಗುತ್ತಿದ್ದರು.

ಒಂದನ್ನೇ ಹಲವು ಮುಖಗಳಿಂದ ಹಿಡಿಯುವ ಈ ಉಪಾಯ ಕಂಪ್ಯೂಟರಿಗಿಂತ ಹಳೆಯದು. ಗಣಿತದ ಮೇಷ್ಟ್ರಾಗಿದ್ದ ಎಸ್. ಆರ್. ರಂಗನಾಥನ್ 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ತರಬೇತಿಗೆಂದು ಲಂಡನ್ನಿಗೆ ಹೋದಾಗ ಅಂಗಡಿಯೊಂದರಲ್ಲಿ ಮೆಕ್ಯಾನೋ ಆಟಿಕೆ ಕಂಡರು. ಅವೇ ಪಟ್ಟಿ, ಅವೇ ನಟ್ಟು. ಜೋಡಿಸಿದಂತೆಲ್ಲ ಬೇರೆ ಬೇರೆ ಆಟಿಕೆ. ಪುಸ್ತಕಕ್ಕೂ ಹಾಗೆಯೇ ಏಕಾಗಬಾರದು? ಯಾವುದರ ಬಗ್ಗೆ, ಏನು ನಡೆಯಿತು, ಎಲ್ಲಿ, ಯಾವಾಗ ಎಂಬ ತುಣುಕುಗಳನ್ನು ಜೋಡಿಸಿ ಪುಸ್ತಕದ ಜಾಗ ಹೇಳುವ ಕೋಲನ್ ವರ್ಗೀಕರಣವನ್ನು ಅವರು 1933ರಲ್ಲಿ ಹೊರತಂದರು. ಸೀರೆ ಕೊಳ್ಳುವಾಗ ಬಣ್ಣ, ಬೆಲೆ, ಬಟ್ಟೆ ಎಂದು ಟಿಕ್ ಹಾಕುತ್ತೀರಲ್ಲ, ಅದೂ ಇದೇ ವಂಶದ್ದು. ರಂಗನಾಥನ್ 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು, 1972ರಲ್ಲಿ ಇಲ್ಲೇ ತೀರಿಕೊಂಡರು.

ಅವರ ಲೈಬ್ರರಿಯಲ್ಲಿ ಪ್ರತಿ ಪುಸ್ತಕವನ್ನೂ ತೆರೆದು ನೋಡಿ ಬರೆದಿಡುವವರು ಒಬ್ಬರಿರುತ್ತಿದ್ದರು. ನಮ್ಮ ಫೋಟೋಗಳಿಗೆ ಅಂಥವರಿಲ್ಲ. ತಾರೀಕು, ಗಾತ್ರವನ್ನು ಯಂತ್ರವೇ ಬರೆದುಕೊಳ್ಳುತ್ತದೆ. ಫೋನಿನಲ್ಲಿ ತೆಗೆದಿದ್ದರೆ ಕೆಲವೊಮ್ಮೆ ಊರನ್ನೂ. ಯಾರ ಮದುವೆ, ಪಕ್ಕದಲ್ಲಿ ಯಾರು ಎಂಬುದನ್ನು ನಾವೇ ಬರೆಯಬೇಕು. ನಾನಂತೂ ಬರೆದಿರಲಿಲ್ಲ.

ಕಾರ್ಡು ಅಚ್ಚಾಯಿತು. ಆ ಫೈಲಿಗೆ ಈಗ 'ದೊಡ್ಡಪ್ಪ, ತೀರ್ಥಹಳ್ಳಿ, ಮೇ 2019' ಎಂದು ಹೆಸರಿಟ್ಟಿದ್ದೇನೆ. ಅದೇ ಉತ್ಸಾಹದಲ್ಲಿ ಅಜ್ಜನ ಮನೆಯ ಆಲ್ಬಮ್ಮಿನ ಕಪ್ಪು-ಬಿಳುಪು ಫೋಟೋಗಳಿಗೂ ಕೈಹಾಕಿದೆ. ಅವನ್ನು 2016ರಲ್ಲಿ ಸ್ಕ್ಯಾನ್ ಮಾಡಿಸಿದ್ದರಿಂದ, ಫಿಲ್ಟರಿನ ಲೆಕ್ಕದಲ್ಲಿ ಅಜ್ಜ ಅಜ್ಜಿಯ ಮದುವೆ ನಡೆದದ್ದೇ 2016ರಲ್ಲಿ. ಅದನ್ನು ತಿದ್ದಿದೆ. ಒಂದು ಫೋಟೋದಲ್ಲಿ ಅಜ್ಜಿಯ ಹೆಗಲ ಮೇಲೆ ಕೈಯಿಟ್ಟು ಹೆಂಗಸೊಬ್ಬರು ನಿಂತಿದ್ದಾರೆ, ಮೂಗುತಿ ಎದ್ದು ಕಾಣುತ್ತದೆ. ಯಾರೆಂದು ಅಪ್ಪನಿಗೆ ತಿಳಿಯದು, ಅತ್ತೆಗೂ ತಿಳಿಯದು. ದೊಡ್ಡಪ್ಪನಿಗೆ ಗೊತ್ತಿತ್ತು.