ದೊಡ್ಡಪ್ಪನ ಅಪ್ಪ

‘ದುಡ್ಡೇ ದೊಡ್ಡಪ್ಪ, ವಿದ್ಯೆಯೇ ಅದರಪ್ಪ.’ ಸಿಎ ಫಲಿತಾಂಶ ಬಂದಾಗಲೆಲ್ಲ ಈ ಗಾದೆ ನೆನಪಾಗುತ್ತದೆ. ತಮ್ಮನ ಮಗಳು ಫೈನಲ್‌ನ ಒಂದು ಗ್ರೂಪಿಗೆ ಎರಡನೇ ಸಲ ಕೂತಿದ್ದಳು. ಒಟ್ಟು ಅಂಕ ಶೇ. 50 ದಾಟಿತ್ತು, ಒಂದು ಪೇಪರಿನಲ್ಲಿ ಮಾತ್ರ 38. ಅಲ್ಲಿ 40 ಬಾರದ್ದಕ್ಕೆ ಇಡೀ ಗ್ರೂಪೇ ಹೋಯಿತು. ಈ ಪರೀಕ್ಷೆಗಾಗಿ ಅವಳು ಸ್ವಂತ ಅಕ್ಕನ ಮದುವೆಗೆ ಧಾರೆಯ ಹೊತ್ತಿಗೆ ಬಂದು, ಊಟಕ್ಕೂ ನಿಲ್ಲದೆ ಹೊರಟಿದ್ದಳು.

ಓದಿದರೆ ದುಡ್ಡು ಬರುತ್ತದೆ, ಗಾದೆಯ ಅರ್ಥ ಇಷ್ಟೇ ಎನ್ನುವವರು ಬಹಳ. ಅಷ್ಟಕ್ಕೆ ದೊಡ್ಡಪ್ಪನನ್ನು ಕರೆಯಬೇಕಿತ್ತೇ? ದುಡ್ಡಿನ ಮುಂದೆ ಎಲ್ಲರೂ ಬಾಗುತ್ತಾರೆಂಬ ಕೊಂಕು ಅದು ಎನ್ನುವವರು ಗಾದೆಯನ್ನು ಅರ್ಧಕ್ಕೇ ಬಿಟ್ಟವರು. ಕೂಡುಕುಟುಂಬ ಕಂಡವರಿಗೆ ಗೊತ್ತು: ದೊಡ್ಡಪ್ಪ ಗದರಿದರೆ ಮನೆಯೇ ತಣ್ಣಗಾಗುತ್ತದೆ. ಆದರೆ ಜಗಲಿಯಲ್ಲಿ ಅಜ್ಜ ಕೂತಿದ್ದರೆ ಆ ದೊಡ್ಡಪ್ಪನೂ ದನಿ ತಗ್ಗಿಸಿ ಸಂತೆಯ ಲೆಕ್ಕ ಒಪ್ಪಿಸಬೇಕು. ವಿದ್ಯೆಗೆ ಗಾದೆ ಕೊಟ್ಟಿರುವುದು ಆ ಜಗಲಿಯನ್ನು: ಎಲ್ಲಿಂದ ಬಂತು, ಎಲ್ಲಿ ಹೋಯಿತು ಎಂದು ದುಡ್ಡನ್ನು ಕೇಳುವ ಅಧಿಕಾರವನ್ನು.

ನಾನು ಸಿಎ ತರಬೇತಿಯ ಆರ್ಟಿಕಲ್‌ಶಿಪ್‌ನಲ್ಲಿದ್ದಾಗ ಒಂದು ಮಾರ್ಚ್ 31ರ ಸಂಜೆ ಅಕ್ಕಿ ಗಿರಣಿಯೊಂದರ ಗೋದಾಮಿಗೆ ಸ್ಟಾಕ್ ಎಣಿಸಲು ಹೋಗಿದ್ದೆ. ಮುಂದಿನ ಸಾಲಿನ ಅಕ್ಕಿ ಚೀಲಗಳ ಹಿಂದೆ ಇದ್ದದ್ದು ಬರೀ ತೌಡಿನ ಚೀಲ. ‘ಹೋದ ವರ್ಷದ ಶೀಟ್ ನೋಡಿ ತುಂಬಿಬಿಡು’ ಎಂದರು ಹಿರಿಯರು. ಹಸಿರು ಪೆನ್ನು ಹಿಡಿದ ಬೆರಳು ಬೆವರುತ್ತಿತ್ತು. ಟಿಕ್ ಹಾಕಿದೆ.

2009ರ ಜನವರಿ 7ರಂದು ಸತ್ಯಂ ಕಂಪನಿಯ ರಾಮಲಿಂಗ ರಾಜು ಪತ್ರ ಬರೆದು ಒಪ್ಪಿಕೊಂಡಾಗ, ಪುಸ್ತಕದಲ್ಲಿದ್ದ 5,000 ಕೋಟಿ ರೂಪಾಯಿಗೂ ಮಿಕ್ಕ ನಗದು, ಬ್ಯಾಂಕ್ ಬಾಕಿ ಇಲ್ಲವೇ ಇಲ್ಲ ಎಂದಾಯಿತು. ಆ ಲೆಕ್ಕಕ್ಕೆ ವರ್ಷ ವರ್ಷವೂ ಆಡಿಟರ್ ಸಹಿ ಬಿದ್ದಿತ್ತು. ಬ್ಯಾಂಕಿಗೆ ನೇರ ಪತ್ರ ಬರೆದು ಬಾಕಿ ಖಚಿತಪಡಿಸಿಕೊಳ್ಳಬೇಕೆಂಬುದು ಆರ್ಟಿಕಲ್ ಹುಡುಗರಿಗೂ ಕಲಿಸುವ ಪಾಠ. ಸಹಿ ಹಾಕಿದವರೂ ಇದೇ ಪರೀಕ್ಷೆಗೆ ನಿದ್ದೆಗೆಟ್ಟವರೇ. 1949ರಲ್ಲಿ ಹುಟ್ಟಿದ ಸಿಎ ಸಂಸ್ಥೆಯ ಲಾಂಛನದಲ್ಲಿರುವ ಕಠೋಪನಿಷತ್ತಿನ ಮಾತೂ, ಎಲ್ಲರೂ ಮಲಗಿದಾಗ ಎಚ್ಚರವಿರುವವನನ್ನು ಕುರಿತದ್ದೇ. ಹಾಗಿರುವಾಗ ಕೆಟ್ಟ ನಿದ್ದೆಯನ್ನು ಸಂಬಳದಲ್ಲಿ ವಸೂಲು ಮಾಡಿಕೊಳ್ಳಬೇಕೆಂಬ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಅಷ್ಟು ಹಬ್ಬ, ಅಷ್ಟು ಹರೆಯ ತೆತ್ತು ಗಳಿಸಿದ್ದು ‘ಸಹಿ ಹಾಕುವುದಿಲ್ಲ’ ಎನ್ನುವ ಹಕ್ಕನ್ನು.

ಹುಡುಗಿ ಮತ್ತೆ ಫಾರಂ ತುಂಬಿದ್ದಾಳೆ. ಮೊನ್ನೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, ‘ದೊಡ್ಡಪ್ಪಾ, ನೀವು ಎಣಿಸದೆ ಯಾವತ್ತಾದರೂ ಟಿಕ್ ಹಾಕಿದ್ದೀರಾ?’ ಎಂದು ಕೇಳಿದಳು. ಗೋದಾಮಿನ ಕತೆಯನ್ನು ಪೂರ್ತಿ ಹೇಳಿದೆ.