ದೋಷಕ್ಕೂ ಒಂದು ದರ್ಜೆ

ಮಗಳ ಮದುವೆಗೆ ವಜ್ರದ ಓಲೆ ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಕೇಳುವುದು ಒಂದೇ: "ಕಲ್ಲಿನಲ್ಲಿ ದೋಷ ಇಲ್ಲ ತಾನೆ?" ಈ ಅಂಜಿಕೆ ಇಂದಿನದಲ್ಲ. ನಮ್ಮ ಹಳೆಯ ರತ್ನಶಾಸ್ತ್ರಗಳು ಕಾಕಪದ, ಬಿಂದು, ರೇಖೆ ಎಂದು ವಜ್ರದ ದೋಷಗಳಿಗೆ ಹೆಸರಿಟ್ಟು, ಅಂಥ ಕಲ್ಲು ತೊಟ್ಟವರಿಗೆ ಕೇಡೆಂದು ಎಚ್ಚರಿಸಿದವು. ಮನೆಗೆ ಆಗಿಬರುತ್ತದೋ ಇಲ್ಲವೋ ಎಂದು ನಾಲ್ಕು ದಿನ ಇಟ್ಟು ನೋಡುವ ಹಿರಿಯರು ಈಗಲೂ ಇದ್ದಾರೆ.

ಇಂದಿನ ಪ್ರಯೋಗಾಲಯಕ್ಕೆ ಕೇಡಿನ ಚಿಂತೆಯಿಲ್ಲ. ಅಮೆರಿಕದ ಜಿಐಎ ಸಂಸ್ಥೆ 1950ರ ದಶಕದಲ್ಲಿ ರೂಪಿಸಿದ ಕ್ರಮದಲ್ಲಿ ಕ್ಲಾರಿಟಿಗೆ 11 ದರ್ಜೆಗಳಿವೆ. ಒಳಗೂ ಹೊರಗೂ ಏನೂ ಕಾಣದ ಕಲ್ಲು ಎಫ್‌ಎಲ್, ಕಟ್ಟಕಡೆಗೆ ಐ3, ನಡುವೆ ಅಂಗಡಿಯವರ ಬಾಯಲ್ಲಿ ಸದಾ ಇರುವ ವಿವಿಎಸ್, ವಿಎಸ್, ಎಸ್‌ಐ. ಆದರೆ 'ಏನೂ ಕಾಣದ' ಎಂಬ ಮಾತಿಗೆ ಒಂದು ಕರಾರಿದೆ: 10 ಪಟ್ಟು ಹಿಗ್ಗಿಸುವ ಮಸೂರದಲ್ಲಿ, ಪಳಗಿದ ಕಣ್ಣಿಗೆ. ಇನ್ನೂ ಹಿಗ್ಗಿಸಿದರೆ ಎಫ್‌ಎಲ್ ಕಲ್ಲಿನಲ್ಲೂ ಏನಾದರೊಂದು ಸಿಕ್ಕೀತು. ಹುಡುಕಾಟಕ್ಕೆ ಎಲ್ಲೆ ಹಾಕಿ, ಆ ಎಲ್ಲೆ ಎಲ್ಲ ಕಲ್ಲಿಗೂ ಒಂದೇ ಎಂದು ಒಪ್ಪಿದ್ದರಿಂದಲೇ ಇಲ್ಲಿ ತೀರ್ಪು ಸಾಧ್ಯವಾಗಿದೆ. ನಮ್ಮವರ ತಪ್ಪನ್ನು ಬರಿಗಣ್ಣಲ್ಲಿ ನೋಡಿ, ಪರರ ತಪ್ಪಿಗೆ ಸೂಕ್ಷ್ಮದರ್ಶಕ ಹಿಡಿಯುವ ನಾವು ಈ ಕರಾರನ್ನು ಅಷ್ಟು ಸುಲಭವಾಗಿ ಒಪ್ಪುವವರಲ್ಲ.

ದೋಷ ಕಂಡ ಮಾತ್ರಕ್ಕೆ ಪರೀಕ್ಷಕ ಕಲ್ಲನ್ನು ಪಕ್ಕಕ್ಕಿಡುವುದಿಲ್ಲ. ಎಷ್ಟು ದೊಡ್ಡದು, ಎಷ್ಟಿವೆ, ಎಲ್ಲಿದೆ, ಯಾವ ಬಗೆಯದು, ಎಷ್ಟು ಎದ್ದು ಕಾಣುತ್ತದೆ ಎಂದು ವಿಚಾರಿಸುತ್ತಾನೆ. ಮೇಲಿನ ಚಪ್ಪಟೆ ಮುಖದ ಕೆಳಗೆ ಕೂತ ಒಂದೇ ಕಪ್ಪು ಚುಕ್ಕಿ ಸುತ್ತಲಿನ ಮುಖಗಳಲ್ಲಿ ಪ್ರತಿಫಲಿಸಿ ಹಲವಾಗಿ ಕಾಣಬಹುದು. ಅದೇ ಚುಕ್ಕಿ ಅಂಚಿಗೆ ಸರಿದಿದ್ದರೆ ಗಮನಕ್ಕೇ ಬಾರದು. ಇನ್ನು ಬಗೆಯ ಮಾತು. ಭೂಮಿಯ ಆಳದಲ್ಲಿ ವಜ್ರ ಬೆಳೆಯುವಾಗ ಒಳಗೆ ಸಿಕ್ಕಿಕೊಂಡ ಪುಟ್ಟ ಗಾರ್ನೆಟ್ ಹರಳು ಸಾಮಾನ್ಯವಾಗಿ ಯಾರಿಗೂ ತೊಂದರೆ ಕೊಡದು. ಬ್ರೆಜಿಲಿನ ಒಂದು ವಜ್ರದೊಳಗೆ ರಿಂಗ್‌ವುಡೈಟ್ ಎಂಬ ಖನಿಜದ ಕಣ ಸಿಕ್ಕಿದ ಸುದ್ದಿ 2014ರಲ್ಲಿ ಬಂತು. ಭೂಗರ್ಭದಲ್ಲಿ ನೂರಾರು ಕಿಲೋಮೀಟರ್ ಕೆಳಗೆ ಖನಿಜಗಳಲ್ಲಿ ನೀರು ಅಡಗಿದೆ ಎಂಬುದಕ್ಕೆ ಆ ಕಣವೇ ಸಾಕ್ಷಿಯಾಯಿತು. ಅಕ್ಕಸಾಲಿಗನಿಗೆ ಬೇಡವಾದ ಕಲ್ಲು ವಿಜ್ಞಾನಿಗೆ ನಿಧಿ. ಆದರೆ ಗರಿಯಂತೆ ಹಬ್ಬಿ ಅಂಚಿನವರೆಗೆ ಬಂದ ಬಿರುಕಿನ ಕಥೆ ಬೇರೆ. ಕಲ್ಲು ಕೂರಿಸುವಾಗ ಪೆಟ್ಟು ಬಿದ್ದರೆ ಅದು ಬೆಳೆದೀತು. ಒಂದು ಹುಟ್ಟುಗುರುತು, ಇನ್ನೊಂದು ಮುರಿಯುವ ಜಾಗ. ಎರಡನ್ನೂ ದೋಷವೆಂಬ ಒಂದೇ ಮೂಟೆಗೆ ಕಟ್ಟುವುದು ಪರೀಕ್ಷೆಯಲ್ಲ, ಸೋಮಾರಿತನ.

ಬಿರುಕನ್ನು ಮಾಯ ಮಾಡುವ ವಿದ್ಯೆಯೂ ಇದೆ. ಗಾಜಿನಂಥ ವಸ್ತುವನ್ನು ಬಿರುಕಿನೊಳಗೆ ತುಂಬಿದರೆ ಕಲ್ಲು ತಿಳಿಯಾಗಿ ಕಾಣುತ್ತದೆ. ಮಸೂರದಡಿ ಮೆಲ್ಲನೆ ವಾಲಿಸಿ ನೋಡಿದರೆ ಮಾತ್ರ ತುಂಬಿದ ಕಡೆ ಕಿತ್ತಳೆ, ನೇರಳೆ ಅಥವಾ ನೀಲಿ ಬಣ್ಣ ಫಕ್ಕನೆ ಮಿಂಚಿ ಮಾಯವಾಗುತ್ತದೆ. ಮುಂದೆಂದೋ ಓಲೆಯ ತಿರುಪು ಸಡಿಲವಾಗಿ ಬೆಸುಗೆಗೆ ಕೊಟ್ಟಾಗ, ಬೆಂಕಿಯ ಕಾವಿಗೆ ಒಳಗಿನ ಗಾಜು ಕೆಟ್ಟು ಬಿರುಕು ಮತ್ತೆ ಕಾಣಿಸಿಕೊಳ್ಳಬಹುದು. ಇಂಥ ತುಂಬುವಿಕೆ ಉಳಿಯುವಂಥದ್ದಲ್ಲ ಎಂಬ ಕಾರಣಕ್ಕೆ ಜಿಐಎ ಈ ಕಲ್ಲುಗಳಿಗೆ ದರ್ಜೆಯನ್ನೇ ಕೊಡುವುದಿಲ್ಲ. ಬರಿಗಣ್ಣಿಗೇ ಬಿರುಕು ಕಾಣುವ ಐ3 ಕಲ್ಲಿಗೆ ಕೊಡುತ್ತದೆ. ಕಪ್ಪು ಚುಕ್ಕಿ ತೆಗೆಯಲು ಲೇಸರ್‌ನಿಂದ ಕೊರೆದ ಕಲ್ಲಿಗೂ, ಕೊರೆದದ್ದನ್ನು ಪತ್ರದಲ್ಲಿ ನಮೂದಿಸಿ, ಕೊಡುತ್ತದೆ. ಅಂದರೆ ದೋಷ ಎಷ್ಟೇ ದೊಡ್ಡದಿರಲಿ, ಅದಕ್ಕೆ ಏಣಿಯಲ್ಲಿ ಒಂದು ಮೆಟ್ಟಿಲಿದೆ, ತೇಪೆಗೆ ಇಲ್ಲ.

ಆ ಓಲೆ ಕೊಳ್ಳುವ ಮದುವೆಯ ಮಾತುಕತೆಯನ್ನೇ ನೋಡಿ. ನೂರು ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ನಾವು ನಗುನಗುತ್ತಲೇ ಹೇಳಿಕೊಂಡು ಬಂದಿದ್ದೇವೆ. ಹುಡುಗನ ಸಾಲ, ಹುಡುಗಿಯ ಕಾಯಿಲೆ, ಬಿಟ್ಟುಹೋದ ಕೆಲಸ ಇವೆಲ್ಲ ತೆರೆದಿಟ್ಟರೆ ಬಾಳುವ ವಿಷಯಗಳೇ. ಮುಚ್ಚಿಟ್ಟರೆ, ಸಂಸಾರದ ಮೊದಲ ಕಾವಿಗೇ ಹೊರಬಿದ್ದು, ಇದ್ದ ದೋಷದ ಜೊತೆಗೆ ಇಲ್ಲದ ಇನ್ನೊಂದನ್ನು, ಅಪನಂಬಿಕೆಯನ್ನು, ತಂದು ಕೂರಿಸುತ್ತವೆ.

ದೋಷವನ್ನು ಒಪ್ಪಿಕೊಂಡರೆ ಬೆಲೆ ಇಳಿಯುತ್ತದೆ, ಸುಳ್ಳಲ್ಲ. ಎಸ್‌ಐ ಕಲ್ಲಿಗೆ ವಿವಿಎಸ್ ದರ ಯಾರೂ ಕೊಡುವುದಿಲ್ಲ. ಆದರೆ ಇಳಿದ ಆ ಬೆಲೆ ಎರಡೂ ಕಡೆಯವರು ಕಣ್ಣಾರೆ ನೋಡಿ ಒಪ್ಪಿದ್ದು. ಹಾಗೆ ಕೊಂಡವರು ಓಲೆ ತೊಟ್ಟು ತಿರುಗಾಡುತ್ತಾರೆಯೇ ಹೊರತು, ಅಂಗಡಿಗೆ ಜಗಳಕ್ಕೆ ಬರುವುದಿಲ್ಲ.