ಅಳಿದುಹೋದ ಚಿತ್ರವನ್ನು ಹುಡುಕುವ ವಿಷಯ



ಹತ್ತು ಬೆಳ್ಳಿ ನಾಣ್ಯಗಳುಳ್ಳ ಸ್ತ್ರೀಯೊಬ್ಬಳು ಅವುಗಳಲ್ಲಿ ಒಂದನ್ನು ಕಳಕೊಂಡ ಸಾಮ್ಯವನ್ನು ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ನಾವೆಲ್ಲರೂ ಓದಿದ್ದೇವೆ. ಅದರಲ್ಲಿ ನಾವು ಬೇಗನೆ ದಾಟಿಹೋಗುವ ಒಂದು ಸಂಗತಿ ಉಂಟು. ಏನಂದರೆ, ಆ ನಾಣ್ಯವು ಹೊಳೆಗೆ ಬಿದ್ದದ್ದಲ್ಲ, ಕಳ್ಳನ ಕೈ ಸೇರಿದ್ದೂ ಅಲ್ಲ. ಅದು ಮನೆಯೊಳಗೇ ಇತ್ತು, ಅವಳ ಕಣ್ಣಿಗೆ ಮಾತ್ರ ಕಾಣದೆ ಹೋಗಿತ್ತು. ಆದದರಿಂದ ಅವಳು ಎದೆ ಬಡಿದುಕೊಂಡು ಬೀದಿಗೆ ಓಡದೆ, ದೀಪ ಹಚ್ಚಿ, ನೆಲ ಗುಡಿಸಿ, ಸಿಕ್ಕುವ ತನಕ ಹುಡುಕಿದಳು. ಈ ಸಾಮ್ಯವನ್ನು ಈಗ ನಮ್ಮ ಮನೆಗಳಲ್ಲಿ ನಡೆಯುವ ಹೊಸ ತರದ ಒಂದು ನಷ್ಟಕ್ಕೆ ಅನ್ವಯಿಸಿ ನೋಡೋಣ. ಕೆಮರಾದ ಮೆಮೊರಿ ಕಾರ್ಡಿನಿಂದ ಚಿತ್ರಗಳು ಕೈತಪ್ಪಿ ಅಳಿದುಹೋಗುವ ನಷ್ಟವೇ ಅದು.

ಇದು ಪಟ್ಟಣದವರ ಚಿಂತೆ, ನಮಗೇನು ಎಂದು ಯಾರೂ ಹೇಳಬಾರದು. ನಮ್ಮ ಉಜಿರೆಯಲ್ಲಿ 1982ರಲ್ಲಿ ಸ್ಥಾಪಿತವಾದ ರುಡ್‌ಸೆಟ್ ಸಂಸ್ಥೆಯು ಹಳ್ಳಿಯ ಯೌವನಸ್ಥರಿಗೆ ಸ್ವಂತ ಉದ್ಯೋಗವನ್ನು ಕಲಿಸುವದಷ್ಟೆ. ಅಲ್ಲಿ ಕಲಿಸುವ ಕಸುಬುಗಳಲ್ಲಿ ಛಾಯಾಗ್ರಹಣವೂ ವೀಡಿಯೋ ಚಿತ್ರಣವೂ ಸೇರಿವೆ. ಹೀಗಿರಲಾಗಿ ಕೆಮರಾ ಹಿಡಿದು ಅನ್ನ ಸಂಪಾದಿಸುವವರು ನಮ್ಮ ನಡುವೆ ಇದ್ದಾರೆ. ಕೆಮರಾವುಳ್ಳ ಫೋನೋ ಮನೆಮನೆಯಲ್ಲಿ ಉಂಟು. ಮದುವೆಯ ಪಂಕ್ತಿಯಲ್ಲಿ ಮೂಲೆಗೆ ಕೂತಿದ್ದ ಅಜ್ಜಿಯ ಮುಖವು ಒಂದೇ ಒಂದು ಚಿತ್ರದಲ್ಲಿ ಉಳಿದಿರುವದು. ಮುಂದಿನ ಮಳೆಗಾಲದಲ್ಲಿ ಅಜ್ಜಿಯು ತೀರಿಕೊಂಡ ಬಳಿಕ ಆ ಮನೆಯವರಿಗೆ ಆ ಚಿತ್ರವು ಚಿನ್ನಕ್ಕಿಂತ ಹೆಚ್ಚಿನದು. ಅಂಥದೊಂದು ಚಿತ್ರವು ಗುಂಡಿಯನ್ನು ಒತ್ತಿದ ಮಾತ್ರಕ್ಕೆ ಕಾಣದೆ ಹೋದಾಗ ಮನೆಯಲ್ಲಿ ಏಳುವ ಗೋಳು ಸಣ್ಣದಲ್ಲ. ಇಂಥ ಸಮಯದಲ್ಲಿ ಮಾಡತಕ್ಕದ್ದೇನು, ಮಾಡಬಾರದ್ದೇನು ಎಂಬದನ್ನು ಕ್ರಮವಾಗಿ ಹೇಳುತ್ತೇವೆ.

ಮೊದಲನೆಯದಾಗಿ, ಕಾಣದೆ ಹೋದದ್ದು ನಾಶವಾಯಿತೆಂದು ತಿಳಿಯಬಾರದು. ಕಾರ್ಡಿನೊಳಗೆ ಎರಡು ಭಾಗಗಳುಂಟು: ಒಂದು ಚಿಕ್ಕ ದಫ್ತರ, ಇನ್ನೊಂದು ವಿಸ್ತಾರವಾದ ಕಣಜ. ದಫ್ತರದಲ್ಲಿ ಪ್ರತಿಯೊಂದು ಚಿತ್ರದ ಹೆಸರೂ, ಅದು ಕಣಜದ ಯಾವ ಕೋಣೆಗಳಲ್ಲಿ ಇದೆಯೆಂಬದೂ, ಯಾವ ಕೋಣೆಗಳು ಖಾಲಿಯೆಂಬದೂ ಬರೆದಿರುತ್ತದೆ. ಚಿತ್ರವಾದರೋ ಕಣಜದಲ್ಲಿ ಇರುವದು. ಅಳಿಸುವ ಗುಂಡಿಯನ್ನು ಒತ್ತಿದಾಗ ಕೆಮರಾವು ಕಣಜವನ್ನು ಮುಟ್ಟುವದಿಲ್ಲ. 32 ಜಿಬಿ ಅಳತೆಯ ವರೆಗಿನ ಕಾರ್ಡುಗಳಲ್ಲಿ ಸಾಧಾರಣವಾಗಿ ಅದು ಮಾಡುವದು ಇಷ್ಟೇ: ಚಿತ್ರದ ಹೆಸರಿನ ಮೊದಲನೆಯ ಅಕ್ಷರದ ಮೇಲೆ ಒಂದು ಗುರುತು ಹಾಕಿ, ಈ ಕೋಣೆಗಳು ಖಾಲಿ ಎಂದು ದಫ್ತರದಲ್ಲಿ ಬರೆಯುತ್ತದೆ. 64 ಜಿಬಿ ಮುಂತಾದ ದೊಡ್ಡ ಕಾರ್ಡುಗಳಲ್ಲಿ ಗುರುತು ಹಾಕುವ ರೀತಿಯು ಬೇರೆ, ಅರ್ಥವು ಒಂದೇ. ಕಾರ್ಡನ್ನು ಫಾರ್ಮ್ಯಾಟ್ ಮಾಡಿದರೂ ಹಲವು ಸಾರಿ ದಫ್ತರವು ಹೊಸದಾಗುವದೇ ಹೊರತು ಕಣಜವು ಬರಿದಾಗುವದಿಲ್ಲ. ಒಕ್ಕಲಿನವನು ಮನೆಯೊಳಗೇ ಇರುವಾಗ ಶ್ಯಾನುಭೋಗನು ಲೆಕ್ಕದಲ್ಲಿ ಮನೆ ಖಾಲಿ ಎಂದು ಬರೆದ ಹಾಗೆ ಇದು. ಹೆಸರು ಹೋಯಿತು, ಮನುಷ್ಯನು ಹೋಗಲಿಲ್ಲ.

ಎರಡನೆಯದಾಗಿ, ಕೈಯನ್ನು ತಡೆಯಬೇಕು. ಮುಖ್ಯವಾದ ಮಾತು ಇದೇ. ಖಾಲಿ ಎಂದು ಬರೆದ ಮನೆಗೆ ಹೊಸ ಒಕ್ಕಲು ಬಂದರೆ ಹಳಬನ ಸಾಮಾನೆಲ್ಲಾ ಹೊರಗೆ ಬೀಳುವದು. ಹಾಗೆಯೇ ಚಿತ್ರ ಅಳಿದ ಮೇಲೆ ಅದೇ ಕಾರ್ಡಿನಲ್ಲಿ ಇನ್ನೊಂದು ಚಿತ್ರ ತೆಗೆದರೆ, ಅದು ಹಳೆಯ ಚಿತ್ರದ ಕೋಣೆಯಲ್ಲೇ ಹೋಗಿ ಕೂರಬಹುದು. ಹಾಗೆ ಮೇಲೆ ಬರೆದದ್ದನ್ನು ತೆಗೆದು ಕೆಳಗಿನದನ್ನು ಓದುವ ವಿದ್ಯೆಯು ಯಾರಲ್ಲಿಯೂ ಇಲ್ಲ. ಆದದರಿಂದ ತಪ್ಪಾಯಿತೆಂದು ತಿಳಿದ ಕ್ಷಣವೇ ಕೆಮರಾವನ್ನು ಆರಿಸಿರಿ, ಕಾರ್ಡನ್ನು ಹೊರಗೆ ತೆಗೆಯಿರಿ. ದೊಡ್ಡ ಕಾರ್ಡಿನ ಪಕ್ಕದಲ್ಲಿ ಸಣ್ಣದೊಂದು ಬೀಗದ ಪಟ್ಟಿ ಇರುವದು; ಅದನ್ನು ಕೆಳಕ್ಕೆ ಸರಿಸಿದರೆ ಕೆಮರಾವು ಅದರ ಮೇಲೆ ಬರೆಯಲಾರದು. ಮದುವೆಯ ಚಿತ್ರ ತೆಗೆಯುವ ತಮ್ಮಂದಿರೇ, ಧಾರೆಯ ಗಡಿಬಿಡಿಯಲ್ಲಿ ಇದು ಕಷ್ಟವೆಂದು ನಾವು ಬಲ್ಲೆವು. ಆದದರಿಂದ ಎರಡನೆಯ ಕಾರ್ಡು ಯಾವಾಗಲೂ ನಿಮ್ಮ ಜೇಬಿನಲ್ಲಿರಲಿ.

ಮೂರನೆಯದಾಗಿ, ದೀಪ ಹಚ್ಚಬೇಕು, ಅಂದರೆ ತಿಳುವಳಿಕೆಯಿಂದ ಹುಡುಕಬೇಕು. ಕಾರ್ಡನ್ನು ಕಂಪ್ಯೂಟರಿಗೆ ಸೇರಿಸಿದಾಗ, ಇದನ್ನು ಫಾರ್ಮ್ಯಾಟ್ ಮಾಡಲೋ ಎಂದು ಅದು ಕೇಳಬಹುದು, ಬೇಡವೆನ್ನಿರಿ. ಕಣಜವನ್ನು ಶೋಧಿಸುವ ತಂತ್ರಾಂಶಗಳು ಹಲವುಂಟು. ಅವುಗಳಲ್ಲಿ ಫೋಟೋರೆಕ್ ಎಂಬದು ಕ್ರಯವಿಲ್ಲದೆ ಎಲ್ಲರಿಗೂ ದೊರೆಯುವಂಥದು. ಅದು ದಫ್ತರವನ್ನು ನಂಬಿ ಕೂರುವದಿಲ್ಲ. ಜೆಪೆಗ್ ಚಿತ್ರಗಳೆಲ್ಲವೂ ಒಂದೇ ತರದ 3 ಗುರುತುಗಳಿಂದ ಆರಂಭವಾಗುವದರಿಂದ, ಅದು ಕೋಣೆ ಕೋಣೆಗೆ ಹೊಕ್ಕು ಆ ಗುರುತು ಎಲ್ಲಿದೆಯೆಂದು ನೋಡಿ, ಅಲ್ಲಿಂದ ಚಿತ್ರವನ್ನು ಎತ್ತಿಕೊಳ್ಳುವದು. ಹೀಗೆ ಸಿಕ್ಕಿದ್ದನ್ನು ಅದೇ ಕಾರ್ಡಿನಲ್ಲಿ ಇಡದೆ ಕಂಪ್ಯೂಟರಿನಲ್ಲಿ ಇಡತಕ್ಕದ್ದು. ಇಲ್ಲವಾದರೆ ಒಂದನ್ನು ಎತ್ತುವಾಗ ಇನ್ನೊಂದನ್ನು ತುಳಿದಂತಾಗುವದು. ಈ ಕೆಲಸ ಅರಿಯದವರು ಅರಿತವರ ಹತ್ತಿರ ಹೋಗಲಿ, ಅದರಲ್ಲಿ ನಾಚಿಕೆಯಿಲ್ಲ. ಕಾರ್ಡೇ ಮುರಿದಿದ್ದರೆ ಇಂಥ ತಂತ್ರಾಂಶದಿಂದ ಪ್ರಯೋಜನವಿಲ್ಲ, ನಿಪುಣರ ಕೈಗೆ ಕೊಡಬೇಕು.

ಫೋನಿನ ಒಳಗಣ ಕಣಜದ ವಿಷಯದಲ್ಲಿ ಮಾತ್ರ ಹೀಗೆ ಧೈರ್ಯ ಹೇಳಲಾರೆವು. ಅಲ್ಲಿ ಎಲ್ಲವೂ ಗೂಢಾಕ್ಷರದಲ್ಲಿ ಬರೆದಿರುವದರಿಂದಲೂ, ಖಾಲಿಯೆಂದ ಕೋಣೆಗಳನ್ನು ಯಂತ್ರವು ತಾನಾಗಿ ಗುಡಿಸುವದರಿಂದಲೂ ಮರಳಿ ಪಡೆಯುವದು ಬಹು ಕಷ್ಟ. ಆದರೆ ಅಳಿಸಿದ ಚಿತ್ರಗಳನ್ನು ಕೆಲವು ದಿನ ಇಟ್ಟುಕೊಳ್ಳುವ ಬುಟ್ಟಿಯೊಂದು ಹೆಚ್ಚಿನ ಫೋನುಗಳಲ್ಲಿ ಉಂಟು. ಐಫೋನಿನಲ್ಲಿ 30 ದಿನ; ಗೂಗಲ್ ಫೋಟೋಸ್‌ನಲ್ಲಿ ಪ್ರತಿ ಸೇರಿದ್ದ ಚಿತ್ರಗಳಿಗೆ 60 ದಿನ. ಮೊದಲು ಅಲ್ಲಿ ನೋಡಿರಿ.

ಹೀಗೆ ಹುಡುಕಿದಾಗ ಸಿಕ್ಕುವ ಚಿತ್ರಗಳಿಗೆ ಸಾಧಾರಣವಾಗಿ ಹಳೆಯ ಹೆಸರುಗಳು ಇರುವದಿಲ್ಲ. ಅಜ್ಜಿಯ ಮುಖವೂ ಅಂಗಳದ ನಾಯಿಯೂ ಒಂದೇ ರಾಶಿಯಲ್ಲಿ, ಬರೇ ಅಂಕೆಗಳನ್ನು ಹೊತ್ತುಕೊಂಡು ಬರುವವು. ಕೆಲವು ಅರ್ಧ ಮಾತ್ರ ಬರುವವು. ಯಂತ್ರವು ಮುಖವನ್ನು ಮರಳಿ ಕೊಡಬಲ್ಲದು. ಇದು ಯಾರ ಮುಖ, ಯಾವ ದಿನದ್ದು ಎಂದು ಹೇಳಬೇಕಾದವರು ಪ್ರೀತಿಸಿದವರೇ. ಆದದರಿಂದ ಹಿರಿಯರು ಬದುಕಿರುವಾಗಲೇ ಮಕ್ಕಳನ್ನು ಹತ್ತಿರ ಕೂರಿಸಿ, ಇವರು ಇಂಥವರು, ಇಂಥ ಊರಿನವರು ಎಂದು ತಿಳಿಸಲಿ.

ನಾಲ್ಕನೆಯದಾಗಿ, ನಾಣ್ಯಕ್ಕಿಂತ ಹೆಚ್ಚಿನ ಸಂಗತಿಯೊಂದುಂಟು. ಹೆಚ್ಚಾಗಿ ಗುಂಡಿ ಒತ್ತಿದ್ದು ಯಾರು? ಕೆಮರಾವನ್ನು ಆಸೆಯಿಂದ ಕೈಗೆತ್ತಿಕೊಂಡ ಚಿಕ್ಕ ಹುಡುಗನು, ಅಥವಾ ಜಾಗ ಸಾಲದೆಂದು ಹೆದರುತ್ತಾ ಅಳಿಸಿದ ಸೊಸೆಯು. ಆಗ ಮನೆಯ ಯಜಮಾನನು ಏನು ಹೇಳುತ್ತಾನೆ? ನನ್ನ ತಾಯಿಯನ್ನು ನೀನೇ ಎರಡನೆಯ ಸಾರಿ ಕೊಂದೆ ಎನ್ನುತ್ತಾನೆ. ಪ್ರಿಯರೇ, ಕಾರ್ಡಿನ ಚಿತ್ರವು ಸಂಜೆಯೊಳಗೆ ಮರಳಿ ಬಂದೀತು. ಆದರೆ ಆ ಮಾತನ್ನು ಮಗುವಿನ ಹೃದಯದಿಂದ ತೆಗೆಯುವ ತಂತ್ರಾಂಶವನ್ನು ಯಾರೂ ಮಾಡಲಿಲ್ಲ. ಮಗುವಿನಲ್ಲಿದ್ದ ನಂಬಿಕೆಯ ಮೇಲೆ ನಾವೇ ಸಿಟ್ಟಿನಿಂದ ಬರೆದಂತಾಯಿತು. ಇದಲ್ಲದೆ, ಪೆಟ್ಟಿಗೆ ಹೆದರಿದ ಮಗು ತಪ್ಪನ್ನು ಮುಚ್ಚಿಡುವದು. ಮುಚ್ಚಿಟ್ಟು ಕೆಮರಾವನ್ನು ಮೊದಲಿದ್ದಲ್ಲೇ ಇಡುವದು. ಮಾರಣೆ ದಿನ ನಾವೇ ಅರಿಯದೆ ಅದರಲ್ಲಿ ನೂರು ಚಿತ್ರ ತೆಗೆದು ಹಳೆಯದನ್ನು ನಾಶಮಾಡುವೆವು. ಒಡನೆ ಬಂದು ಹೇಳುವ ಧೈರ್ಯವುಳ್ಳ ಮಗುವೇ ಚಿತ್ರವನ್ನು ಉಳಿಸುವದು. ಆ ಧೈರ್ಯವನ್ನು ಕೊಡುವವರು ತಾಯಿತಂದೆಗಳಲ್ಲದೆ ಬೇರೆ ಯಾರು? ಆದಕಾರಣ ಕಾರ್ಡಿನ ಮೇಲೆ ಬರೆಯುವ ಕೈಯನ್ನು ತಡೆಯುವ ಮೊದಲು ನಾಲಿಗೆಯನ್ನು ತಡೆಯೋಣ.

ಇನ್ನೊಂದು ಎಚ್ಚರಿಕೆ. ಅಳಿಸಿದ್ದು ಉಳಿಯುವದೆಂಬ ಮಾತು ಎರಡು ಅಲಗಿನ ಕತ್ತಿ. ಹಳೆಯ ಕಾರ್ಡನ್ನು ಮಾರಿದರೆ ಅಥವಾ ಪರರಿಗೆ ಕೊಟ್ಟರೆ, ನಮ್ಮ ಹೆಣ್ಣುಮಕ್ಕಳ ಚಿತ್ರಗಳು ಅದರೊಳಗಿಂದ ಅನ್ಯರ ಕೈಗೆ ಎದ್ದು ಬರಬಹುದು. ಕಾರ್ಡನ್ನು ಪೂರ್ತಿಯಾಗಿ ಬೇರೆ ಸಂಗತಿಯಿಂದ ತುಂಬಿಸಿ ಕೊಡಿರಿ, ಇಲ್ಲವೆ ಮುರಿದುಬಿಡಿರಿ. ಹಾಗೆಯೇ ಪರರ ಕಾರ್ಡಿನಲ್ಲಿ ಚಿತ್ರ ಹುಡುಕಿ ಕೊಡುವ ಕಸುಬಿನವನು, ತಾನು ಹುಡುಕಬೇಕಾದದ್ದನ್ನು ಬಿಟ್ಟು ಬೇರೆ ನೋಡಬಾರದು, ಕಂಡದ್ದನ್ನು ಆಡಬಾರದು.

ಕಡೆಯದಾಗಿ, ಒಂದೇ ಕಡೆ ಇರುವದು ಇಲ್ಲದ್ದಕ್ಕೆ ಸಮಾನ. 2019ರ ಆಗಸ್ಟ್ ತಿಂಗಳಲ್ಲಿ ಚಾರ್ಮಾಡಿಯ ಘಟ್ಟವು ಕುಸಿದು, ನಮ್ಮ ತಾಲೂಕಿನ ಹೊಳೆಗಳು ಉಕ್ಕಿ ಮನೆಗಳಿಗೆ ನುಗ್ಗಿದ್ದನ್ನು ಕಂಡಿದ್ದೇವೆ. ಅಂಥ ನೀರಿನ ಮುಂದೆ ಕಾಗದವೂ ಇಲ್ಲ, ಕಾರ್ಡೂ ಇಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ಮುಂದೆ ಈ ಸೀಮೆಯಲ್ಲಿ ತೆಗೆಸಿದ ಚಿತ್ರಗಳನ್ನು ದೂರದ ಬಾಸೆಲಿನ ದಫ್ತರಖಾನೆಯಲ್ಲಿಯೂ ಕಾದಿಟ್ಟದ್ದರಿಂದ, ನಮ್ಮ ಹಿರಿಯರ ಮುಖಗಳನ್ನು ಇಂದು ಅಂತರ್ಜಾಲದಲ್ಲಿ ನೋಡಬಹುದಾಗಿದೆ. ನಾವೂ ಹಾಗೆಯೇ ಒಂದು ಪ್ರತಿಯನ್ನು ನಮ್ಮ ಮನೆಯಲ್ಲಿ, ಇನ್ನೊಂದನ್ನು ಘಟ್ಟದ ಮೇಲಿರುವ ಮಗಳ ಮನೆಯಲ್ಲಿ ಇಡೋಣ.

ಆ ಸ್ತ್ರೀಯು ನಾಣ್ಯ ಸಿಕ್ಕಿದಾಗ ನೆರೆಯವರನ್ನು ಕರೆದು ಸಂತೋಷಪಟ್ಟಳು. ಇದನ್ನು ಬೀಳಿಸಿದವರು ಯಾರೆಂದು ವಿಚಾರಣೆ ನಡಿಸಿದಳೆಂದು ಎಲ್ಲಿಯೂ ಬರೆದಿಲ್ಲ. ನಮ್ಮ ಮನೆಗಳಲ್ಲಿಯೂ ಹಾಗೆಯೇ ಆಗಲಿ. ಚಿತ್ರ ಸಿಕ್ಕಿದರೆ, ಅಳಿಸಿದ ಆ ಮಗುವಿನ ಕೈಯಲ್ಲಿಯೇ ಮೊದಲು ಕೊಟ್ಟು ತೋರಿಸೋಣ. ಸಿಕ್ಕದೆ ಹೋದರೂ ಆ ಮಗುವನ್ನು ಕಳಕೊಳ್ಳದಿರೋಣ. ನಮ್ಮ ಹೆಸರಿನ ಮೊದಲನೆಯ ಅಕ್ಷರವನ್ನು ಲೋಕವು ಅಳಿಸಿದ ಮೇಲೂ ನಮ್ಮನ್ನು ಮುಖನೋಡಿ ಗುರುತಿಸುವಾತನು ನಮಗೆ ಈ ತಾಳ್ಮೆಯನ್ನು ಕೊಡಲಿ. ಆಮೆನ್.